ವೆಸ್ಟರ್ನೂ ಪತ್ತೇದಾರಿಯೂ ಬರೆದ ಮೂವರು: ಲೆನರ್ಡ್, ಎಸ್ಟಲ್‌ಮನ್, ಪಾರ್ಕರ್ ಅಕ್ಕಪಕ್ಕ ಇಟ್ಟು ಓದಿದಾಗ

ವೆಸ್ಟರ್ನ್ (ಕೌಬಾಯ್, ಕುದುರೆ, ಬಂದೂಕಿನ ಹಳೇ ಅಮೆರಿಕದ ಪಶ್ಚಿಮ ಸೀಮೆಯ ಕಥೆ) ಮತ್ತು ಪತ್ತೇದಾರಿ, ಎರಡನ್ನೂ ಬರೆದು ಹೊಟ್ಟೆ ಹೊರೆದ ಲೇಖಕರು ಅಮೆರಿಕದಲ್ಲಿ ತುಂಬಾ ಜನ. ಒಂದು ಕಾಲದಲ್ಲಿ ಎರಡೂ ಅಲ್ಲಿನ ಅಗ್ಗದ ಕಥಾಪತ್ರಿಕೆಗಳಲ್ಲೇ ಬೆಳೆದವು. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ದಾಟುವುದು ದೊಡ್ಡ ವಿಷಯವಲ್ಲ. ದಾಟಿದ ಮೇಲೂ ಎರಡೂ ಕಡೆ ಗಟ್ಟಿಯಾಗಿ ನಿಂತವರು ಕಡಿಮೆ. ಅಂಥವರಲ್ಲಿ ಮೂವರನ್ನು ಆರಿಸಿಕೊಂಡು ಓದಿದೆ: ಎಲ್ಮೋರ್ ಲೆನರ್ಡ್, ಲಾರೆನ್ ಡಿ. ಎಸ್ಟಲ್‌ಮನ್, ರಾಬರ್ಟ್ ಬಿ. ಪಾರ್ಕರ್.

ಓದಿದ ರೀತಿ ಸರಳ. ಒಬ್ಬೊಬ್ಬರದ್ದೂ ಒಂದು ವೆಸ್ಟರ್ನ್, ಅದು ಮುಗಿದ ಕೂಡಲೇ ಅವರದ್ದೇ ಒಂದು ಅಪರಾಧ ಕಾದಂಬರಿ. ಮಧ್ಯೆ ಬೇರೆ ಏನೂ ಓದಲಿಲ್ಲ. ಹೀಗೆ ಬೆನ್ನಿಗೆ ಬೆನ್ನು ಓದಿದಾಗ ಲೇಖಕನ ಕೈಚಳಕ ಎಲ್ಲಿದೆ, ಎಲ್ಲಿ ಹಳೆಯದನ್ನೇ ಟೋಪಿ ಬದಲಿಸಿ ಕೊಟ್ಟಿದ್ದಾರೆ ಅನ್ನೋದು ಚೆನ್ನಾಗಿ ಗೊತ್ತಾಗುತ್ತದೆ. ಇಷ್ಟವಾದವರದ್ದು ಆಮೇಲೆ ಇನ್ನಷ್ಟು ಓದಿದೆ.

ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಒಬ್ಬರನ್ನು ಮಾತ್ರ ಓದುವಷ್ಟು ಪುರುಸೊತ್ತು ಇದ್ದರೆ ಲೆನರ್ಡ್ ಓದಿ. ಆದರೆ ಎರಡೂ ಪ್ರಕಾರವನ್ನು ಒಂದಕ್ಕೊಂದು ಬೆರೆಸದೆ, ಎರಡಕ್ಕೂ ಬೇರೆ ಬೇರೆ ದನಿ ಕೊಟ್ಟು, ದಶಕಗಳ ಕಾಲ ಜೊತೆಜೊತೆಗೆ ನಡೆಸಿದವರು ಎಸ್ಟಲ್‌ಮನ್. ಆ ಕೆಲಸಕ್ಕೆ ಸಿಗಬೇಕಾದಷ್ಟು ಓದುಗರು ಅವರಿಗೆ ನಮ್ಮ ಕಡೆ ಸಿಕ್ಕಿಲ್ಲ ಅನ್ನೋದೇ ನಾನು ಇದನ್ನು ಬರೆಯಲು ಕಾರಣ.

ಲೆನರ್ಡ್ ಹುಟ್ಟಿದ್ದು 1925ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ಬೆಳೆದದ್ದು ಮಿಶಿಗನ್ ರಾಜ್ಯದ ಡೆಟ್ರಾಯಿಟ್‌ನಲ್ಲಿ. ಅಪ್ಪ ಜನರಲ್ ಮೋಟರ್ಸ್‌ನಲ್ಲಿ ಕೆಲಸಕ್ಕಿದ್ದರು. ಮಗ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಗೆ ಹೋಗಿ ಬಂದು, ಕಾಲೇಜು ಓದಿ, ಜಾಹೀರಾತು ಕಂಪನಿಯೊಂದಕ್ಕೆ ಸೇರಿದರು. ಷೆವ್ರೊಲೆ ಟ್ರಕ್‌ಗಳಿಗೆ ಜಾಹೀರಾತು ಬರೆಯುವ ಕೆಲಸ. ಕಥೆ ಬರೆಯಲು ಉಳಿದದ್ದು ಬೆಳಗಿನ ಐದರಿಂದ ಏಳು ಗಂಟೆ. ಸ್ವಲ್ಪವಾದರೂ ಬರೆಯದೆ ಕಾಫಿಗೆ ಇಡುವಂತಿಲ್ಲ ಅಂತ ತಮಗೆ ತಾವೇ ಕಟ್ಟಳೆ ಹಾಕಿಕೊಂಡಿದ್ದರು. ಆಫೀಸಿನಲ್ಲೂ ಮೇಜಿನ ಡ್ರಾಯರ್ ಒಳಗೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದರು. ಯಾರಾದರೂ ಬಂದರೆ ಡ್ರಾಯರ್ ತಳ್ಳಿದರಾಯಿತು.

ಮೊದಲ ಕಥೆ ಪ್ರಕಟವಾದದ್ದು 1951ರಲ್ಲಿ, ‘ಆರ್ಗಸಿ’ ಪತ್ರಿಕೆಯಲ್ಲಿ. ಅದು ಅಪಾಚೆ ಅನ್ನುವ ಅಮೆರಿಕದ ಮೂಲನಿವಾಸಿಗಳ ಕಥೆ. ವೆಸ್ಟರ್ನ್‌ಗೇ ಯಾಕೆ ಕೈಹಾಕಿದರು ಅಂದರೆ ಆಗ ಅದಕ್ಕೆ ದೊಡ್ಡ ಮಾರುಕಟ್ಟೆ ಇತ್ತು, ಜೊತೆಗೆ ಆ ಸಿನಿಮಾಗಳೆಂದರೆ ಅವರಿಗೆ ಇಷ್ಟ. ಕೂತಿದ್ದು ಡೆಟ್ರಾಯಿಟ್‌ನಲ್ಲಿ, ಬರೆದದ್ದು ಅರಿಜೋನಾ ಬಗ್ಗೆ. ಆ ನೆಲ ಹೇಗಿರುತ್ತದೆ ಅಂತ ತಿಳಿಯಲು ‘ಅರಿಜೋನಾ ಹೈವೇಸ್’ ಅನ್ನುವ ಪತ್ರಿಕೆ ತರಿಸಿ ಅದರ ಫೋಟೋ ನೋಡಿಕೊಂಡು ಬರೆದರು. ‘ತ್ರೀ-ಟೆನ್ ಟು ಯೂಮಾ’ ಕಥೆ 1953ರಲ್ಲಿ ‘ಡೈಮ್ ವೆಸ್ಟರ್ನ್’ನಲ್ಲಿ ಬಂತು. ಪದಕ್ಕೆ 2 ಸೆಂಟ್ ಲೆಕ್ಕದಲ್ಲಿ ಸಿಕ್ಕಿದ್ದು 90 ಡಾಲರ್. ಅದೇ ಕಥೆ 1957ರಲ್ಲೊಮ್ಮೆ, 2007ರಲ್ಲೊಮ್ಮೆ ಸಿನಿಮಾ ಆಯಿತು. ಸಿನಿಮಾ ನೋಡಿದವರು ಮೂಲ ಕಥೆ ಓದಿದರೆ ಬೆರಗಾಗುತ್ತಾರೆ. ಸಿನಿಮಾದಲ್ಲಿ ಬರುವ ಬರಗಾಲದ ರೈತ ಅಲ್ಲಿ ಇಲ್ಲವೇ ಇಲ್ಲ. ಒಬ್ಬ ಡೆಪ್ಯುಟಿ, ಒಬ್ಬ ಕೈದಿ, ಒಂದು ಹೋಟೆಲ್ ರೂಮು, ಬರಬೇಕಾದ ಒಂದು ರೈಲು. ಇಷ್ಟೇ.

ನಾನು ಜೋಡಿಯಾಗಿ ಓದಿದ್ದು 1961ರ ‘ಹೊಂಬ್ರೆ’ ಮತ್ತು 1980ರ ‘ಸಿಟಿ ಪ್ರೈಮೀವಲ್’.

‘ಹೊಂಬ್ರೆ’ಯ ಕಥೆ ಹೇಳುವವನು ಅಲೆನ್ ಅನ್ನುವ ಹುಡುಗ. ಕುದುರೆಗಾಡಿ ಕಂಪನಿಯಲ್ಲಿ ಕೆಲಸಕ್ಕಿದ್ದವನು. ವೀರನೇನಲ್ಲ, ಸ್ವಲ್ಪ ಅಂಜುಬುರುಕ. ಎಲ್ಲಿಂದ ಶುರು ಮಾಡಬೇಕು ಅಂತಲೇ ಅವನಿಗೆ ಗೊತ್ತಿಲ್ಲ. ಕಥೆಯ ನಾಯಕ ಜಾನ್ ರಸೆಲ್, ಬಿಳಿಯ, ಆದರೆ ಅಪಾಚೆಗಳ ನಡುವೆ ಬೆಳೆದವನು. ಗಾಡಿ ಹೊರಡುವ ಮುಂಚೆ ಒಂದು ಸನ್ನಿವೇಶ ಬರುತ್ತದೆ. ಸೀಟುಗಳೆಲ್ಲ ಭರ್ತಿ. ಬ್ರೇಡನ್ ಅನ್ನುವ ಒರಟ ಒಳಗೆ ಬರುತ್ತಾನೆ. ಅವನಿಗೆ ಟಿಕೆಟ್ ಬೇಕು. ಮೊದಲು ರಸೆಲ್‌ನನ್ನು ಕೆಣಕುತ್ತಾನೆ. ಅಲ್ಲೇ ಕೂತಿದ್ದ ಒಬ್ಬ ಮಾಜಿ ಸೈನಿಕ, ಮದುವೆಗೆ ಹೊರಟವನು, ನಡುವೆ ಬಾಯಿ ಹಾಕುತ್ತಾನೆ. ಬ್ರೇಡನ್ ಅವನ ಕಡೆ ತಿರುಗಿ, ಹೆದರಿಸಿ, ಅವನ ಟಿಕೆಟನ್ನೇ ಕಿತ್ತುಕೊಳ್ಳುತ್ತಾನೆ. ತನ್ನ ಪರವಾಗಿ ಮಾತಾಡಿದವನಿಗೆ ಹೀಗಾದರೂ ರಸೆಲ್ ಕೂತಲ್ಲಿಂದ ಅಲುಗುವುದಿಲ್ಲ. ಅದು ಆ ಮನುಷ್ಯನ ವ್ಯವಹಾರ, ನನ್ನದಲ್ಲ ಅಂತ ಅವನ ನಿಲುವು. ಅಲೆನ್‌ಗೆ ನಾಚಿಕೆಯಾಗುತ್ತದೆ, ಓದುವ ನಮಗೂ ಆಗುತ್ತದೆ. ಮುಂದೆ ಇದೇ ರಸೆಲ್ ಇದೇ ಜನರನ್ನು ಬಿಸಿಲಲ್ಲಿ, ನೀರಿಲ್ಲದ ದಾರಿಯಲ್ಲಿ, ಜೀವ ಉಳಿಸಿ ಕರೆದೊಯ್ಯಬೇಕಾದಾಗ ಆ ಮೊದಲ ಸನ್ನಿವೇಶ ಪ್ರತಿ ಪುಟದಲ್ಲೂ ನೆನಪಿಗೆ ಬರುತ್ತದೆ. ಯಾರಿಗೆ ಯಾರು ಎಷ್ಟು ಋಣಿ ಅನ್ನುವ ಪ್ರಶ್ನೆಯನ್ನು ಲೆನರ್ಡ್ ಎಲ್ಲೂ ಬಾಯಿಬಿಟ್ಟು ಕೇಳುವುದಿಲ್ಲ, ಕಥೆಯೇ ಕೇಳುತ್ತದೆ. ಇದನ್ನು ಓದಿ ಮುಗಿಸಿದ ಮೇಲೆ ಬಹಳ ಹೊತ್ತು ಬೇರೆ ಪುಸ್ತಕ ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ.

‘ಹೊಂಬ್ರೆ’ ಬಂದ ವರ್ಷವೇ ಅವರು ಜಾಹೀರಾತು ಕೆಲಸ ಬಿಟ್ಟರು. ಆದರೆ ಅಷ್ಟರಲ್ಲಿ ವೆಸ್ಟರ್ನ್ ಮಾರುಕಟ್ಟೆ ಕುಸಿದಿತ್ತು. ಟಿವಿಯಲ್ಲಿ ದಿನಾ ರಾತ್ರಿ ಕುದುರೆ, ಬಂದೂಕು ಪುಕ್ಕಟೆ ಸಿಗುವಾಗ ಕಾಸು ಕೊಟ್ಟು ಪತ್ರಿಕೆ ಯಾರು ಕೊಳ್ಳುತ್ತಾರೆ? ಕಥಾಪತ್ರಿಕೆಗಳು ಒಂದೊಂದಾಗಿ ಮುಚ್ಚಿದವು. ಕೆಲವು ವರ್ಷ ಅವರು ಬ್ರಿಟಾನಿಕಾ ವಿಶ್ವಕೋಶದ ಕಂಪನಿಗೆ ಶೈಕ್ಷಣಿಕ ಚಿತ್ರ ಬರೆದುಕೊಂಡಿದ್ದರು. ‘ಹೊಂಬ್ರೆ’ಯ ಸಿನಿಮಾ ಹಕ್ಕು 10,000 ಡಾಲರ್‌ಗೆ ಮಾರಾಟವಾದ ಮೇಲೆ ಮತ್ತೆ ಕಾದಂಬರಿಗೆ ಕೂತರು. ‘ದಿ ಬಿಗ್ ಬೌನ್ಸ್’ ಅನ್ನುವ ಆ ಅಪರಾಧ ಕಾದಂಬರಿಯನ್ನು ಪ್ರಕಾಶಕರು ಮತ್ತು ಸಿನಿಮಾದವರು ಸೇರಿ 84 ಸಲ ತಿರಸ್ಕರಿಸಿದರು. ಕೊನೆಗೆ 1969ರಲ್ಲಿ ಅಚ್ಚಾಯಿತು. 84 ಸಲ ಬೇಡ ಅನ್ನಿಸಿಕೊಂಡ ಮೇಲೂ ಬರೆಯುತ್ತಾ ಹೋದ ಆ ಹಟ ನನಗೆ ಅವರ ಯಾವ ನಾಯಕನ ಧೈರ್ಯಕ್ಕಿಂತ ದೊಡ್ಡದಾಗಿ ಕಾಣುತ್ತದೆ. ದೊಡ್ಡ ಹೆಸರು ಬಂದದ್ದು ಅರವತ್ತರ ಹೊಸ್ತಿಲಲ್ಲಿ, 1985ರ ‘ಗ್ಲಿಟ್ಜ್’ ಕಾದಂಬರಿಯಿಂದ. 2013ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕಾದಂಬರಿಗಳು 45.

‘ಸಿಟಿ ಪ್ರೈಮೀವಲ್’ ಬರೆಯುವ ಮುಂಚೆ ಲೆನರ್ಡ್ ಡೆಟ್ರಾಯಿಟ್ ಪೊಲೀಸರ ಕೊಲೆ ತನಿಖಾ ವಿಭಾಗದ ಜೊತೆ ಓಡಾಡಿ ಪತ್ರಿಕೆಯೊಂದಕ್ಕೆ ಲೇಖನ ಬರೆದಿದ್ದರು. ಆ ಓಡಾಟ ಕಾದಂಬರಿಯಲ್ಲಿ ಚೆನ್ನಾಗಿ ಕಾಣುತ್ತದೆ. ರೇಮಂಡ್ ಕ್ರೂಜ್ ಅನ್ನುವ ಪೊಲೀಸ್ ಅಧಿಕಾರಿ ಒಂದು ಕಡೆ. ಕ್ಲೆಮೆಂಟ್ ಮ್ಯಾನ್‌ಸೆಲ್ ಅನ್ನುವ ಕೊಲೆಗಾರ ಇನ್ನೊಂದು ಕಡೆ. ಅವನು ನ್ಯಾಯಾಧೀಶರೊಬ್ಬರನ್ನು ಕೊಂದಿದ್ದಾನೆ. ರಸ್ತೆಯಲ್ಲಿ ಕಾರು ಅಡ್ಡ ಬಂತು ಅನ್ನುವಷ್ಟು ಚಿಲ್ಲರೆ ಜಗಳದಿಂದ ಶುರುವಾದದ್ದು ಅದು. ಪುಸ್ತಕದ ಅಡಿಬರಹವೇ ‘ಹೈ ನೂನ್ ಇನ್ ಡೆಟ್ರಾಯಿಟ್’. ‘ಹೈ ನೂನ್’ ಅನ್ನೋದು ಹೆಸರಾಂತ ವೆಸ್ಟರ್ನ್ ಸಿನಿಮಾ. ಅಂದರೆ ಲೇಖಕರೇ ಒಪ್ಪಿಕೊಂಡಿದ್ದಾರೆ: ಇದು ಕಾರು ಹತ್ತಿದ ವೆಸ್ಟರ್ನ್. ‘ಹೊಂಬ್ರೆ’ ಮುಗಿಸಿದ ಕೂಡಲೇ ಇದನ್ನು ಓದಿದರೆ ರಸೆಲ್ ಮತ್ತು ಕ್ರೂಜ್ ಒಂದೇ ಜಾತಿಯವರು ಅನ್ನಿಸುತ್ತದೆ. ಇಬ್ಬರೂ ಕಾಯುತ್ತಾರೆ, ಮಾತು ಕಮ್ಮಿ, ಎದುರಿನವನಿಗೆ ಹೆಚ್ಚು ಮಾತಾಡಲು ಬಿಡುತ್ತಾರೆ. ಮರುಭೂಮಿಯಲ್ಲಿ ಕಲಿತ ಆ ಕಾಯುವಿಕೆಯನ್ನು ಲೆನರ್ಡ್ ನಗರಕ್ಕೆ ಹೊತ್ತು ತಂದರು. ಸಂಭಾಷಣೆಗೆ ಅವರು ಹೆಸರುವಾಸಿ, ನಿಜ. ನನಗೆ ಹಿಡಿಸಿದ್ದು ಮಾತು ನಿಂತ ಜಾಗಗಳು.

ಒಂದು ದೂರೂ ಇದೆ. ಲೆನರ್ಡ್‌ರಲ್ಲಿ ಪತ್ತೇದಾರಿಕೆ ಅನ್ನೋದು ಬಹಳ ಕಮ್ಮಿ. ಕೊಲೆ ಮಾಡಿದವನು ಯಾರು ಅಂತ ಮೊದಲೇ ಗೊತ್ತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ನಮ್ಮಂಥವರಿಗೆ ಸುಳಿವು, ಗುಟ್ಟು, ಕೊನೆಯಲ್ಲಿ ಬಿಚ್ಚಿಡುವ ಸತ್ಯ ಇವೆಲ್ಲ ಬೇಕು ಅನ್ನಿಸುತ್ತದೆ ಅಲ್ವಾ? ಲೆನರ್ಡ್ ಹತ್ತಿರ ಅದು ಸಿಗಲ್ಲ. ಅದು ಬೇಕಾದರೆ ಎಸ್ಟಲ್‌ಮನ್ ಮನೆಗೇ ಹೋಗಬೇಕು.

ಲಾರೆನ್ ಎಸ್ಟಲ್‌ಮನ್ ಕೂಡ ಮಿಶಿಗನ್ ರಾಜ್ಯದವರೇ. ಹುಟ್ಟಿದ್ದು 1952ರಲ್ಲಿ, ಆ್ಯನ್ ಆರ್ಬರ್ ಊರಲ್ಲಿ. ಕಂಪ್ಯೂಟರ್ ಯುಗದಲ್ಲೂ ಹಳೇ ಕಾಲದ ಟೈಪ್‌ರೈಟರ್ ಬಿಡದೆ ಬರೆದವರು. ಅವರ ಆರಂಭದ ವರ್ಷಗಳನ್ನು ನೋಡಿದರೆ ತಲೆ ತಿರುಗುತ್ತದೆ. 1978ರಲ್ಲಿ ಮೊದಲ ವೆಸ್ಟರ್ನ್ ‘ದಿ ಹೈಡರ್’. ಅದೇ ವರ್ಷ ಷರ್ಲಾಕ್ ಹೋಮ್ಸ್ ಮತ್ತು ಡ್ರಾಕುಲಾನನ್ನು ಎದುರುಬದುರು ನಿಲ್ಲಿಸಿದ ಇನ್ನೊಂದು ಕಾದಂಬರಿ. 1979ರಲ್ಲಿ ‘ದಿ ಹೈ ರಾಕ್ಸ್’, ಅದರಲ್ಲಿ ಪೇಜ್ ಮರ್ಡಾಕ್ ಅನ್ನುವ ಫೆಡರಲ್ ಡೆಪ್ಯುಟಿ ಮಾರ್ಷಲ್, ಅಂದರೆ ಕೇಂದ್ರ ಸರ್ಕಾರದ ಕಾನೂನು ಪಾಲಕ, ಬರುತ್ತಾನೆ. 1980ರಲ್ಲಿ ‘ಮೋಟರ್ ಸಿಟಿ ಬ್ಲೂ’, ಅದರಲ್ಲಿ ಡೆಟ್ರಾಯಿಟ್‌ನ ಖಾಸಗಿ ಪತ್ತೇದಾರ ಏಮಸ್ ವಾಕರ್ ಬರುತ್ತಾನೆ. ಮೂವತ್ತು ತುಂಬುವ ಮುಂಚೆಯೇ ಎರಡು ಸರಣಿಗೆ ಅಡಿಪಾಯ ಹಾಕಿಬಿಟ್ಟರು. ಅವೆರಡೂ ದಶಕಗಳ ಕಾಲ ನಡೆದವು. ಲೆನರ್ಡ್ ಹಾಗೆ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದವರಲ್ಲ. ಎರಡು ಬಾಗಿಲೂ ಯಾವಾಗಲೂ ತೆರೆದೇ ಇದ್ದವು. ಪುಸ್ತಕಗಳ ಸಂಖ್ಯೆ 80 ದಾಟಿದೆ.

ವೆಸ್ಟರ್ನ್‌ಗೆ ಕೊಡುವ ಸ್ಪರ್ ಪ್ರಶಸ್ತಿ, ಖಾಸಗಿ ಪತ್ತೇದಾರಿ ಕಾದಂಬರಿಗೆ ಕೊಡುವ ಶೇಮಸ್ ಪ್ರಶಸ್ತಿ, ಎರಡೂ ಅವರಿಗೆ ಒಂದಕ್ಕಿಂತ ಜಾಸ್ತಿ ಸಲ ಬಂದಿವೆ. 2012ರಲ್ಲಿ ವೆಸ್ಟರ್ನ್ ಲೇಖಕರ ಸಂಘ ಜೀವಮಾನದ ಸಾಧನೆಗೆ ಓವನ್ ವಿಸ್ಟರ್ ಪ್ರಶಸ್ತಿ ಕೊಟ್ಟಿತು. ಮಾರನೇ ವರ್ಷ ಖಾಸಗಿ ಪತ್ತೇದಾರಿ ಲೇಖಕರ ಸಂಘವೂ ತನ್ನ ಜೀವಮಾನದ ಪ್ರಶಸ್ತಿ ಕೊಟ್ಟಿತು. ಎರಡೂ ಮನೆಯವರು ನಮ್ಮವನೇ ಅಂತ ಹೇಳಿಕೊಂಡ ಲೇಖಕ.

‘ದಿ ಹೈ ರಾಕ್ಸ್’ನ ಮರ್ಡಾಕ್ ಕೆಲಸ ಮಾಡುವುದು ಮೊಂಟಾನಾ ಪ್ರಾಂತ್ಯದ ಹೆಲೆನಾ ಊರಿನ ನ್ಯಾಯಾಧೀಶ ಬ್ಲ್ಯಾಕ್‌ಥಾರ್ನ್ ಕೈಕೆಳಗೆ. ಕೈಯಲ್ಲಿ ಇಂಗ್ಲಿಷ್ ತಯಾರಿಕೆಯ ಡೀನ್-ಆ್ಯಡಮ್ಸ್ ರಿವಾಲ್ವರ್, ಐದೇ ಗುಂಡು ಹಿಡಿಯುವಂಥದ್ದು. ಎಲ್ಲರ ಬಳಿಯೂ ಆರು ಗುಂಡಿನ ಕೋಲ್ಟ್ ಇರುವ ನಾಡಲ್ಲಿ ಇವನ ಹತ್ತಿರ ಮಾತ್ರ ಇದು. ಒಬ್ಬ ಪಾತ್ರವನ್ನು ನಿಲ್ಲಿಸಲು ಇಂಥ ಒಂದು ವಿವರ ಸಾಕು. ಬಿಟರ್‌ರೂಟ್ ಬೆಟ್ಟಗಳ ಹಿಮದಲ್ಲಿ ನಡೆಯುವ ಕಥೆ ಇದು. ವೆಸ್ಟರ್ನ್ ಅಂದರೆ ಧೂಳು, ಬಿಸಿಲು, ರಾಮನಗರದ ಬಂಡೆಯಂಥ ಬಂಡೆ ಅಂತ ಸಿನಿಮಾಗಳಿಂದ ರೂಢಿಯಾದ ಕಣ್ಣಿಗೆ ಈ ಚಳಿ ಹೊಸತು. ಓದುವಾಗ ಕಥೆಗಿಂತ ಹವಾಮಾನವೇ ದೊಡ್ಡ ವೈರಿ ಅನ್ನಿಸುತ್ತದೆ. ‘ಹೊಂಬ್ರೆ’ಯ ಆಳ ಇದಕ್ಕಿಲ್ಲ, ಮೊದಮೊದಲ ಪುಸ್ತಕದ ಅವಸರ ಕಾಣುತ್ತದೆ. ಆದರೆ ಮರ್ಡಾಕ್ ದನಿ ಗಟ್ಟಿ. ಹುಳಿಹುಳಿ ಮಾತು, ತನ್ನ ಸಾಹೇಬರ ಮೇಲೂ ಸಿಡುಕು, ಕೆಲಸದಲ್ಲಿ ಮಾತ್ರ ಹಿಂದೆ ಸರಿಯುವವನಲ್ಲ.

ಜೋಡಿ ಪುಸ್ತಕವಾಗಿ 1984ರ ‘ಶುಗರ್‌ಟೌನ್’ ತೆಗೆದುಕೊಂಡೆ. ಶೇಮಸ್ ಪ್ರಶಸ್ತಿ ಬಂದ ಕಾದಂಬರಿ. ಪೋಲೆಂಡ್‌ನಿಂದ ಬಂದ ಮುದುಕಿಯೊಬ್ಬಳು ವಾಕರ್‌ನನ್ನು ಹುಡುಕಿಕೊಂಡು ಬರುತ್ತಾಳೆ. ವರ್ಷಗಳ ಹಿಂದೆ ಅವಳ ಮಗನ ಮನೆಯಲ್ಲಿ ಕೊಲೆಗಳಾಗಿವೆ. ಮೊಮ್ಮಗ ಏನಾದ ಅಂತ ಯಾರಿಗೂ ಗೊತ್ತಿಲ್ಲ. ಅವನನ್ನು ಹುಡುಕಿ ಕೊಡಬೇಕು. ಈ ಹುಡುಕಾಟ ನಡೆಯುವುದು ಪೋಲ್‌ಟೌನ್ ಅನ್ನುವ ಬಡಾವಣೆ ನೆಲಸಮವಾಗುತ್ತಿರುವ ಹೊತ್ತಿನಲ್ಲಿ.

ಪೋಲ್‌ಟೌನ್ ಕಥೆ ಕಲ್ಪನೆಯಲ್ಲ. 1981ರಲ್ಲಿ ಡೆಟ್ರಾಯಿಟ್ ನಗರಾಡಳಿತ ಜನರಲ್ ಮೋಟರ್ಸ್ ಕಾರ್ಖಾನೆಗೆ ಜಾಗ ಕೊಡಲು ಇಡೀ ಬಡಾವಣೆಯನ್ನು ಸ್ವಾಧೀನ ಮಾಡಿಕೊಂಡಿತು. ಸುಮಾರು 4,200 ಜನ ಮನೆ ಬಿಟ್ಟರು. ಜನ ಕೋರ್ಟಿಗೆ ಹೋದರು, ಮಿಶಿಗನ್ ಸುಪ್ರೀಂ ಕೋರ್ಟು ನಗರದ ಪರವಾಗಿ ತೀರ್ಪು ಕೊಟ್ಟಿತು. ಮನೆ, ಅಂಗಡಿ, ಚರ್ಚು ಎಲ್ಲ ಹೋಯಿತು. ಎಸ್ಟಲ್‌ಮನ್ ಇದನ್ನು ಭಾಷಣ ಮಾಡಿ ಹೇಳುವುದಿಲ್ಲ. ಊರೇ ಮಾಯವಾಗುತ್ತಿರುವಾಗ ಅಲ್ಲಿ ಕಳೆದುಹೋದ ಹುಡುಗನನ್ನು ಹುಡುಕಲು ಒಬ್ಬ ಪತ್ತೇದಾರನನ್ನು ಕಳಿಸುತ್ತಾರೆ. ಸುಳಿವು ಸಿಗಬೇಕಾದ ಬೀದಿಯೇ ಇಲ್ಲ! ಪತ್ತೇದಾರಿ ಕಥೆಯ ಯಂತ್ರವೂ ನಗರದ ನೋವೂ ಇಷ್ಟು ಸಲೀಸಾಗಿ ಬೆಸೆದದ್ದನ್ನು ನಾನು ಬೇರೆ ಕಡೆ ಹೆಚ್ಚು ನೋಡಿಲ್ಲ. ಭೂಸ್ವಾಧೀನದ ನೋಟೀಸು ಬಂದ ಮನೆಯ ಅಂಗಳ ಹೇಗಿರುತ್ತದೆ ಅಂತ ಗೊತ್ತಿರುವ ನಮ್ಮವರಿಗೆ ಈ ಪುಸ್ತಕ ಸುಲಭವಾಗಿ ಹತ್ತಿರವಾಗುತ್ತದೆ.

ವಾಕರ್ ಸುತ್ತಲಿನವರೂ ಚೆನ್ನಾಗಿದ್ದಾರೆ. ಬಾಲ್ಯದಿಂದ ಗೊತ್ತಿರುವ ಕಪ್ಪು ಪೊಲೀಸ್ ಅಧಿಕಾರಿ ಆಲ್ಡರ್‌ಡೈಸ್, ಕಾರ್ ಬಾಂಬಿನಲ್ಲಿ ಕಾಲು ಕಳೆದುಕೊಂಡ ಪತ್ರಕರ್ತ ಸ್ಟ್ಯಾಕ್‌ಪೋಲ್. ಸರಣಿ ಮುಂದುವರಿದ ಹಾಗೆ ಇವರ ಜೊತೆಗೆ ಡೆಟ್ರಾಯಿಟ್ ನಗರವೂ ಬಡವಾಗುತ್ತಾ ಹೋಗುವುದನ್ನು ಕಾಣಬಹುದು. ಕೊರತೆ ಏನಪ್ಪಾ ಅಂದರೆ ಉಪಮೆಗಳು ಅತಿ. ಒಂದು ಕೋಣೆಗೆ ಹೊಕ್ಕರೆ ಸಾಕು, ಕುರ್ಚಿ, ದೀಪ, ಮನುಷ್ಯನ ಕತ್ತು ಎಲ್ಲಕ್ಕೂ ಒಂದೊಂದು ಹೋಲಿಕೆ. ಹಳೇ ಪತ್ತೇದಾರಿ ಲೇಖಕ ರೇಮಂಡ್ ಚಾಂಡ್ಲರ್ ಹಾಕಿಕೊಟ್ಟ ದಾರಿ ಅದು. ಕೆಲವು ಕಡೆ ಸೊಗಸು, ಕೆಲವು ಕಡೆ ಉಸಿರುಗಟ್ಟುತ್ತದೆ. ಹೆಣ್ಣು ಪಾತ್ರಗಳೂ ಮೊದಮೊದಲ ಪುಸ್ತಕಗಳಲ್ಲಿ ತೀರಾ ತೆಳು.

ಮರ್ಡಾಕ್ ಮತ್ತು ವಾಕರ್ ಇಬ್ಬರೂ ‘ನಾನು’ ಅಂತ ಕಥೆ ಹೇಳುವವರೇ. ಆದರೂ ಹೆಸರು ಮುಚ್ಚಿ ಒಂದು ಪುಟ ಓದಿಸಿದರೆ ಯಾರ ದನಿ ಯಾರದ್ದು ಅಂತ ಹೇಳಬಹುದು. ಮರ್ಡಾಕ್ ಮಾತಿಗೆ 19ನೇ ಶತಮಾನದ ತೂಕ ಇದೆ, ವಾಕ್ಯ ಉದ್ದ. ವಾಕರ್ ಮಾತು ತುಂಡುತುಂಡು, ಸಿಗರೇಟಿನ ಹೊಗೆ ನಡುವೆ ಬಂದ ಹಾಗೆ. ಒಂದೇ ಕೈ ಎರಡು ಲಯ ಹಿಡಿದಿದೆ. ಇದನ್ನು ಪಾರ್ಕರ್‌ಗೆ ಮಾಡಲು ಆಗಲಿಲ್ಲ ಅನ್ನೋದು ನನ್ನ ಅನಿಸಿಕೆ.

ಪಾರ್ಕರ್ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಕೆಟ್ಟವರು ಅಂತಲ್ಲ, ಅವರ ಪುಸ್ತಕಗಳೇ ಬೇಗ ಮುಗಿಯುತ್ತವೆ. ಮ್ಯಾಸಚೂಸೆಟ್ಸ್ ರಾಜ್ಯದವರು, 1932ರಲ್ಲಿ ಹುಟ್ಟಿದವರು, ಇಂಗ್ಲಿಷ್ ಮೇಷ್ಟ್ರು. ಹ್ಯಾಮೆಟ್, ಚಾಂಡ್ಲರ್, ರಾಸ್ ಮ್ಯಾಕ್‌ಡೊನಾಲ್ಡ್ ಅನ್ನುವ ಪತ್ತೇದಾರಿ ಲೇಖಕರ ಮೇಲೆ ಪಿಎಚ್.ಡಿ. ಮಾಡಿ, ಆಮೇಲೆ ತಾವೇ ಪತ್ತೇದಾರನನ್ನು ಸೃಷ್ಟಿಸಿದರು. 1973ರಲ್ಲಿ ಬಂದ ಸ್ಪೆನ್ಸರ್ ಬಾಸ್ಟನ್ ನಗರದವನು, ಬಾಕ್ಸಿಂಗ್ ಮಾಡಿದವನು, ಚೆನ್ನಾಗಿ ಅಡುಗೆ ಮಾಡುತ್ತಾನೆ, ಕವಿತೆ ಓದುತ್ತಾನೆ. ಅವನ ಮೇಲೆ ನಲವತ್ತರ ಹತ್ತಿರ ಕಾದಂಬರಿ ಬಂದವು. ವೆಸ್ಟರ್ನ್‌ಗೆ ಬಂದದ್ದು ಅರವತ್ತೆಂಟು ದಾಟಿದ ಮೇಲೆ, 2001ರ ‘ಗನ್‌ಮನ್ಸ್ ರಾಪ್ಸಡಿ’ಯಿಂದ. 2005ರಲ್ಲಿ ‘ಅಪಲೂಸಾ’, ಅದರ ಮೇಲೆ 2008ರಲ್ಲಿ ಸಿನಿಮಾ. 2010ರ ಜನವರಿಯಲ್ಲಿ ಬರೆಯುವ ಮೇಜಿನ ಮುಂದೆಯೇ ತೀರಿಕೊಂಡರು.

ನಾನು ಓದಿದ ಜೋಡಿ ‘ಅಪಲೂಸಾ’ ಮತ್ತು 1981ರ ‘ಅರ್ಲಿ ಆಟಮ್’. ಎರಡನೆಯದು ತುಂಬಾ ಇಷ್ಟವಾಯಿತು. ಅಪ್ಪ ಅಮ್ಮನ ಜಗಳದಲ್ಲಿ ಯಾರಿಗೂ ಬೇಡವಾದ ಹದಿನೈದು ವರ್ಷದ ಹುಡುಗ ಪಾಲ್. ಸ್ಪೆನ್ಸರ್ ಅವನನ್ನು ಮೇಯ್ನ್ ರಾಜ್ಯದ ಕಾಡಿಗೆ ಕರೆದೊಯ್ದು ಜೊತೆಯಲ್ಲಿ ಮರದ ಮನೆ ಕಟ್ಟುತ್ತಾನೆ. ಹೇಗೆ ಅಳೆಯಬೇಕು, ಹೇಗೆ ಮೊಳೆ ಹೊಡೆಯಬೇಕು, ಹೇಗೆ ಓಡಬೇಕು, ಎಲ್ಲ ಕಲಿಸುತ್ತಾನೆ. ಅಪರಾಧದ ಕಥೆ ಪಕ್ಕಕ್ಕೆ ಸರಿದು ಒಬ್ಬ ಹುಡುಗ ಬೆನ್ನು ನೆಟ್ಟಗೆ ಮಾಡಿ ನಿಲ್ಲುವ ಕಥೆಯಾಗುತ್ತದೆ. ಹದಿಹರೆಯದ ಮಕ್ಕಳಿರುವ ಮನೆಯವರು ಓದಲೇಬೇಕಾದ ಪತ್ತೇದಾರಿ ಕಾದಂಬರಿ ಅಂತ ಒಂದಿದ್ದರೆ ಇದು.

‘ಅಪಲೂಸಾ’ದಲ್ಲಿ ವರ್ಜಿಲ್ ಕೋಲ್ ಮತ್ತು ಎವರೆಟ್ ಹಿಚ್ ಅನ್ನುವ ಇಬ್ಬರು ಬಾಡಿಗೆ ಮಾರ್ಷಲ್‌ಗಳು ಒಂದು ಊರಿಗೆ ಬರುತ್ತಾರೆ. ಊರಿನ ಮಾರ್ಷಲ್‌ನನ್ನು ಬ್ರ್ಯಾಗ್ ಅನ್ನುವ ದೊಡ್ಡ ಕುಳ ಕೊಂದಿದ್ದಾನೆ. ಕೋಲ್‌ಗೆ ದೊಡ್ಡ ಪದ ಬಳಸುವ ಆಸೆ, ಆದರೆ ನಡುವೆ ಪದ ಮರೆತುಹೋಗುತ್ತದೆ. ಹಿಚ್ ಮೆಲ್ಲಗೆ ಆ ಪದ ಹೇಳಿಕೊಡುತ್ತಾನೆ. ಇಬ್ಬರ ಸ್ನೇಹ ಎಂಥದ್ದು ಅಂತ ಹೇಳಲು ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಓದಲು ಹಿತ. ಆದರೆ ಸ್ವಲ್ಪ ದೂರ ಹೋದ ಮೇಲೆ ಇದು ಸ್ಪೆನ್ಸರ್ ಮತ್ತು ಅವನ ಗೆಳೆಯ ಹಾಕ್ ಅಲ್ವಾ ಅನ್ನಿಸುತ್ತದೆ. ಅದೇ ಚುಟುಕು ಮಾತು, ಅದೇ ಗಂಡಸ್ತನದ ನೀತಿ. ಬಾಸ್ಟನ್ ಕಳಚಿ ಕುದುರೆ ಕೊಟ್ಟಿದ್ದಾರೆ. ಲೆನರ್ಡ್ ವೆಸ್ಟರ್ನ್‌ನಿಂದ ನಗರಕ್ಕೆ ಏನೋ ಒಂದನ್ನು ತಂದರು. ಪಾರ್ಕರ್ ನಗರದಿಂದ ವೆಸ್ಟರ್ನ್‌ಗೆ ಹೊರಟಾಗ ಇದ್ದದ್ದನ್ನೇ ಹೊತ್ತೊಯ್ದರು.

ಇದಕ್ಕೆ ಇನ್ನೂ ಸ್ಪಷ್ಟವಾದ ಸಾಕ್ಷಿ ಇದೆ. ಎಸ್ಟಲ್‌ಮನ್ ಮತ್ತು ಪಾರ್ಕರ್ ಇಬ್ಬರೂ ಒಂದೇ ಘಟನೆಯ ಮೇಲೆ ಕಾದಂಬರಿ ಬರೆದಿದ್ದಾರೆ: 1881ರ ಅಕ್ಟೋಬರ್ 26ರಂದು ಅರಿಜೋನಾದ ಟೂಂಬ್‌ಸ್ಟೋನ್‌ನಲ್ಲಿ, ಓ.ಕೆ. ಕರಾಲ್ ಅನ್ನುವ ಕುದುರೆ ಲಾಯದ ಹತ್ತಿರ ನಡೆದ ಗುಂಡಿನ ಕಾಳಗ. ಕಾನೂನಿನ ಪರವಾಗಿ ಬಂದ ವಯಟ್ ಅರ್ಪ್, ಅವನ ಅಣ್ಣತಮ್ಮಂದಿರು ಮತ್ತು ಡಾಕ್ ಹಾಲಿಡೇ ಒಂದು ಕಡೆ, ಕ್ಲ್ಯಾಂಟನ್ ಮತ್ತು ಮೆಕ್‌ಲಾರಿ ಕಡೆಯವರು ಇನ್ನೊಂದು ಕಡೆ. ಅರ್ಧ ನಿಮಿಷದಷ್ಟು ಹೊತ್ತು, ಸುಮಾರು 30 ಗುಂಡು, ಮೂರು ಹೆಣ. ಎಸ್ಟಲ್‌ಮನ್‌ರ ‘ಬ್ಲಡಿ ಸೀಸನ್’ 1987ರದ್ದು. ಅಲ್ಲಿ ಯಾರೂ ದೇವರಲ್ಲ. ಬೆಳ್ಳಿ ಗಣಿ ಊರಿನ ರಾಜಕೀಯ, ಹಣದಾಸೆ, ಹಳೇ ಜಿದ್ದು, ಸೇಡಿನ ಮೇಲೆ ಸೇಡು, ಎಲ್ಲ ಒಂದರ ಮೇಲೊಂದು ಪೇರಿಸಿ ಆ ಅರ್ಧ ನಿಮಿಷ ಹೇಗೆ ಬಂತು, ಅದರಿಂದ ಏನೇನಾಯಿತು ಅಂತ ತೋರಿಸುತ್ತಾರೆ. ಪಾತ್ರಗಳು ಜಾಸ್ತಿ, ಹೆಸರು ಬರೆದಿಟ್ಟುಕೊಂಡು ಓದಬೇಕಾಯಿತು. ಪಾರ್ಕರ್ ಮಾತ್ರ ವಯಟ್ ಅರ್ಪ್ ಮತ್ತು ಜೋಸಿ ಮಾರ್ಕಸ್ ಪ್ರೀತಿಯನ್ನು ನಡುಮನೆಯಲ್ಲಿ ಕೂರಿಸುತ್ತಾರೆ. ಆಕೆ ಮೊದಲು ಷೆರಿಫ್ ಬಿಹಾನ್ ಜೊತೆ ಇದ್ದವಳು. ಜಗಳಕ್ಕೆಲ್ಲ ಮೂಲ ಅದೇ ಅನ್ನುವ ಹಾಗೆ ಕಥೆ ಸಾಗುತ್ತದೆ. ಓದಿಸಿಕೊಂಡು ಹೋಗುವುದರಲ್ಲಿ ಪಾರ್ಕರ್ ಮುಂದು. ಆದರೆ ಮುಗಿದ ಮೇಲೆ ಟೂಂಬ್‌ಸ್ಟೋನ್ ಅನ್ನುವ ಊರು ನನ್ನ ತಲೆಯಲ್ಲಿ ಉಳಿದದ್ದು ಎಸ್ಟಲ್‌ಮನ್‌ರಿಂದ.

ನಮ್ಮಲ್ಲಿ ಕೌಬಾಯ್ ಅಂದರೆ ಹಳಬರಿಗೆ ದ್ವಾರಕೀಶ್ ಅವರ ‘ಕೌಬಾಯ್ ಕುಳ್ಳ’ ನೆನಪಾಗುತ್ತದೆ. ಸಿನಿಮಾದಿಂದ ಬಂದ ವೇಷ, ಟೋಪಿ, ಕುದುರೆ ನಮಗೆ ಚೆನ್ನಾಗಿ ಗೊತ್ತು. ಈ ಪ್ರಕಾರದ ಪುಸ್ತಕಗಳು ಮಾತ್ರ ಗೊತ್ತಿರುವುದು ಕಡಿಮೆ. ಹಾಗಾಗಿ ಓದಲು ಎಷ್ಟು ಕಷ್ಟ ಅನ್ನೋದನ್ನೂ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಆಮೇಲೆ ಇಂಗ್ಲಿಷ್ ರೂಢಿಸಿಕೊಂಡವರಿಗೆ ಪಾರ್ಕರ್ ಅತಿ ಸುಲಭ. ಚಿಕ್ಕ ವಾಕ್ಯ, ಚಿಕ್ಕ ಅಧ್ಯಾಯ, ಪುಟದ ತುಂಬಾ ಮಾತುಕತೆ. ಲೆನರ್ಡ್‌ರ ವೆಸ್ಟರ್ನ್‌ಗಳೂ ಸುಲಭವೇ. ಅವರ ನಗರದ ಕಾದಂಬರಿಗಳಲ್ಲಿ ಪಾತ್ರಗಳು ಅರ್ಧರ್ಧ ಮಾತು ನುಂಗಿ ಮಾತಾಡುತ್ತವೆ, ಒಂದೇ ಪುಟದಲ್ಲಿ ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ಹೋಗಬೇಕಾಗುತ್ತದೆ. ಒಂದಿಷ್ಟು ಪುಟ ತಾಳ್ಮೆ ಇಟ್ಟರೆ ಕಿವಿ ಹೊಂದಿಕೊಳ್ಳುತ್ತದೆ. ಎಸ್ಟಲ್‌ಮನ್ ಎಲ್ಲರಿಗಿಂತ ಕಷ್ಟ. ಡೆಟ್ರಾಯಿಟ್‌ನ ಬೀದಿ, ಕಾರು, ಬೇಸ್‌ಬಾಲ್, ಹಳೇ ಸಿನಿಮಾ ಎಲ್ಲ ಗೊತ್ತು ಅಂತಲೇ ಭಾವಿಸಿ ಬರೆಯುತ್ತಾರೆ. ಫೋನಿನಲ್ಲಿ ಡೆಟ್ರಾಯಿಟ್ ನಕಾಶೆ ತೆರೆದಿಟ್ಟುಕೊಂಡು ಓದಿದ್ದು ನನಗೆ ಉಪಯೋಗಕ್ಕೆ ಬಂತು.

ಆಡಿಯೋ ಪುಸ್ತಕವಾಗಿಯೂ ಕೇಳಿ ನೋಡಿದೆ. ಲೆನರ್ಡ್ ಕೇಳಲು ಅದ್ಭುತ. ಅವರ ಬರವಣಿಗೆಯ ಹತ್ತು ನಿಯಮಗಳಲ್ಲಿ ಕೊನೆಯದು, ಓದುಗರು ಹಾರಿಸಿ ಹೋಗುವಂಥ ಭಾಗವನ್ನು ಬಿಟ್ಟುಬಿಡಿ ಅನ್ನೋದು. ಅದನ್ನು ಅವರು ಎಷ್ಟು ನಿಷ್ಠೆಯಿಂದ ಪಾಲಿಸಿದ್ದಾರೆ ಅಂತ ಕೇಳುವಾಗಲೇ ಗೊತ್ತಾಗುತ್ತದೆ. ಅಡುಗೆ ಮಾಡುತ್ತಾ ಕೇಳಿದರೂ ಎಳೆ ತಪ್ಪುವುದಿಲ್ಲ. ಪಾರ್ಕರ್ ಕೇಳುವಾಗ ಮಾತ್ರ ಪ್ರತಿ ಸಾಲಿಗೂ ‘ಎಂದ’, ‘ಎಂದೆ’, ‘ಎಂದಳು’ ಬಂದು ಬಂದು ಕಿವಿಗೆ ಬಡಿಯುತ್ತದೆ. ಕಣ್ಣಿನಲ್ಲಿ ಓದುವಾಗ ಅದು ಕಾಣುವುದೇ ಇಲ್ಲ. ಅವರದ್ದನ್ನು ಪುಸ್ತಕವಾಗಿಯೇ ಓದಿ. ಎಸ್ಟಲ್‌ಮನ್‌ರ ಉಪಮೆಗಳು ಕೇಳುವಾಗ ಹಿಂದೆ ಉಳಿದುಬಿಡುತ್ತವೆ, ಒಂದು ಅರ್ಥವಾಗುವಷ್ಟರಲ್ಲಿ ಮತ್ತೆರಡು ಬಂದಿರುತ್ತವೆ.

ಮೂಲನಿವಾಸಿಗಳನ್ನು ತೋರಿಸುವ ರೀತಿಯಲ್ಲಿ ಮೂವರಿಗೂ ವ್ಯತ್ಯಾಸ ಇದೆ, ಮತ್ತು ಇದು ನನಗೆ ಮುಖ್ಯ. ಲೆನರ್ಡ್ 1950ರ ದಶಕದಲ್ಲೇ ಅಪಾಚೆಗಳನ್ನು ಬುದ್ಧಿವಂತರು, ನೆಲ ಬಲ್ಲವರು ಅಂತ ಗೌರವದಿಂದ ಬರೆದರು. ‘ಹೊಂಬ್ರೆ’ಯ ನಿಜವಾದ ಕಳ್ಳ ಡಾಕ್ಟರ್ ಫೇವರ್, ಅಪಾಚೆಗಳ ಮೀಸಲು ಪ್ರದೇಶಕ್ಕೆ ಹೋಗಬೇಕಾದ ಸರ್ಕಾರಿ ದುಡ್ಡು ನುಂಗಿದ ಅಧಿಕಾರಿ. 1970ರ ‘ವಾಲ್ಡೆಜ್ ಈಸ್ ಕಮಿಂಗ್’ನಲ್ಲಿ ಇಡೀ ಯುದ್ಧ ಶುರುವಾಗುವುದೇ ಒಬ್ಬ ಅಪಾಚೆ ವಿಧವೆಗೆ ಸಿಗಬೇಕಾದ ಪರಿಹಾರಕ್ಕಾಗಿ. ತಪ್ಪು ಮಾಡದವನನ್ನು ಕೊಂದಿದ್ದೇವೆ, ಅವನ ಹೆಂಡತಿಗೆ ಏನಾದರೂ ಕೊಡಬೇಕು ಅಂತ ವಾಲ್ಡೆಜ್ ಅನ್ನುವ ಸಾಮಾನ್ಯ ಕಾನ್‌ಸ್ಟೆಬಲ್ ಮನೆಮನೆ ಕೇಳುವ ಭಾಗ ಓದಿದರೆ ಹೊಟ್ಟೆ ಉರಿಯುತ್ತದೆ. ಆ ಕೋಪ ಲೆನರ್ಡ್‌ರಲ್ಲಿ ಇದೆ. ಎಸ್ಟಲ್‌ಮನ್‌ರಲ್ಲಿ ಇತಿಹಾಸದ ಜ್ಞಾನ ಜಾಸ್ತಿ, ಕೋಪ ಕಮ್ಮಿ. ಪಾರ್ಕರ್‌ಗೆ ಆ ಕಡೆ ಅಷ್ಟಾಗಿ ಗಮನವೇ ಇಲ್ಲ.

ಪುಸ್ತಕ ಸಿಗುವ ವಿಷಯ. ಲೆನರ್ಡ್ ಮತ್ತು ಪಾರ್ಕರ್ ಬೆಂಗಳೂರಿನ ಚರ್ಚ್ ಸ್ಟ್ರೀಟ್ ಸುತ್ತಲಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕಣ್ಣಿಗೆ ಬೀಳುತ್ತಾರೆ, ಹುಡುಕಬೇಕು ಅಷ್ಟೇ. ವೆಸ್ಟರ್ನ್‌ಗಳು ಬೇರೆ ಕಪಾಟಿನಲ್ಲಿ, ತೀರಾ ಕೆಳಗಿನ ಸಾಲಿನಲ್ಲಿ ಇರುತ್ತವೆ. ಎಸ್ಟಲ್‌ಮನ್ ನನಗೆ ಅಂಗಡಿಯಲ್ಲಿ ಸಿಗಲಿಲ್ಲ, ಇ-ಬುಕ್ ಕೊಂಡೆ.

ಶುರು ಮಾಡುವವರಿಗೆ ನಾನು ಹೇಳುವ ಕ್ರಮ ಇದು. ಮೊದಲು ‘ತ್ರೀ-ಟೆನ್ ಟು ಯೂಮಾ’ ಕಥೆ, ಒಂದೇ ಸಲ ಕೂತರೆ ಮುಗಿಯುತ್ತದೆ. ಹಿಡಿಸಿದರೆ ‘ಹೊಂಬ್ರೆ’, ಆಮೇಲೆ ‘ವಾಲ್ಡೆಜ್ ಈಸ್ ಕಮಿಂಗ್’. ಕುದುರೆ ಸಾಕು ಅನ್ನಿಸಿದಾಗ ‘ಸಿಟಿ ಪ್ರೈಮೀವಲ್’. ಡೆಟ್ರಾಯಿಟ್ ಪರಿಚಯವಾದ ಮೇಲೆ ಅದೇ ನಗರವನ್ನು ಎಸ್ಟಲ್‌ಮನ್ ಕಣ್ಣಲ್ಲಿ ನೋಡಲು ‘ಶುಗರ್‌ಟೌನ್’. ಅಲ್ಲಿಂದ ಮರ್ಡಾಕ್ ಸರಣಿಗೆ ಹೋಗಬಹುದು. ಪಾರ್ಕರ್‌ರ ‘ಅರ್ಲಿ ಆಟಮ್’ ಯಾವಾಗ ಬೇಕಾದರೂ ಓದಿ, ಅದಕ್ಕೆ ಸರದಿ ಬೇಡ. ‘ಸಿಟಿ ಪ್ರೈಮೀವಲ್’ ಮತ್ತು ‘ಶುಗರ್‌ಟೌನ್’ ನಡುವೆ ಮಾತ್ರ ಬೇರೆ ಪುಸ್ತಕ ತುರುಕಬೇಡಿ. ನಾಲ್ಕೇ ವರ್ಷದ ಅಂತರದಲ್ಲಿ ಒಂದೇ ನಗರದ ಬಗ್ಗೆ ಇಬ್ಬರು ಬರೆದದ್ದು. ಒಬ್ಬರಿಗೆ ಅಲ್ಲಿ ಇಬ್ಬರು ಗಂಡಸರ ಕಾಳಗ ಕಂಡಿತು, ಇನ್ನೊಬ್ಬರಿಗೆ ಕಿತ್ತುಹೋದ ಒಂದು ಬಡಾವಣೆ ಕಂಡಿತು.